ಮುಚ್ಚಳವಿಲ್ಲದ ಡಬ್ಬಿಗಳು

ನಮ್ಮ ಮನೆಯಲ್ಲಿ ಹಾವು ಸಾಕಿದ್ದೇವೆ ಎಂದು ನಾನು ಕನ್ನಡದವರ ಯಾವ ಕೂಟದಲ್ಲೂ ಬಾಯಿ ಬಿಡುವುದಿಲ್ಲ. ಒಮ್ಮೆ ಟೂಟಿಂಗಿನಲ್ಲಿ ಒಂದು ನಾಮಕರಣದ ಊಟಕ್ಕೆ ಹೋದಾಗ ಮರೆತು ಹೇಳಿಬಿಟ್ಟೆ. ಎದುರಿಗೆ ಕೂತಿದ್ದ ಮೈಸೂರಿನ ಹೆಂಗಸು ದೋಸೆ ಮುರಿಯುವುದನ್ನು ನಿಲ್ಲಿಸಿ, ಕ್ರೋಯ್ಡನ್ನಿನ ನಮ್ಮ ಫ್ಲಾಟಿಗೆ ತಾವು ಜನ್ಮದಲ್ಲಿ ಕಾಲಿಡುವುದಿಲ್ಲ ಎಂದರು. ನಾನು ಅವರನ್ನು ಕರೆದೇ ಇರಲಿಲ್ಲ.

ಹಾವು ನನ್ನವಲ್ಲ, ನನ್ನ ಗಂಡನವು. ಅವರು ಎಲುಬಿನ ಡಾಕ್ಟರು. ಧಾರವಾಡದಿಂದ ವಿಲಾಯತಿಗೆ ಬಂದು ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅರ್ಧ ಆಯುಷ್ಯ ಜನರ ಸೊಂಟ, ಮೊಣಕಾಲು ಕೊರೆದು ಕೂಡಿಸಿದವರು. ಆಮೇಲೆ ಅವರ ಬಲಗೈ ನಡುಗತೊಡಗಿತು. ಅದು ಪಾರ್ಕಿನ್ಸನ್ ಎಂದು ಬೇರೆ ಡಾಕ್ಟರು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ ಅಷ್ಟೆ. ಕೆಲಸ ಬಿಟ್ಟ ವರ್ಷ ಒಂದು ಕಾರ್ನ್ ಸ್ನೇಕ್ ತಂದರು. ವಿಷವಿಲ್ಲದ, ಕಿತ್ತಳೆ ಬಣ್ಣದ, ಬಲು ಸೋಮಾರಿಯಾದ ಹಾವು. ನೋಡನೋಡುತ್ತ ಒಂದು ಹೋಗಿ ಐದಾದವು. ಮೊಟ್ಟೆಯೂ ಒಳಗೆ ಬಾರದ ನನ್ನ ಅಡುಗೆಮನೆಯ ಆಚೆ, ಬಾಲ್ಕನಿಯಲ್ಲಿ, ಸತ್ತ ಇಲಿಗಳಿಗೆಂದೇ ಒಂದು ಪುಟ್ಟ ಫ್ರೀಜರ್ ಬಂದು ಕೂತಿತು. ನಾನು ಕೂಗಾಡಿದೆ. ಆದರೆ ಅವುಗಳ ಊಟ, ನೀರು, ಸ್ವಚ್ಛತೆ ಎಲ್ಲವನ್ನೂ ಅವರೇ ಮಾಡುತ್ತಿದ್ದರು. ಅಂಗಿಯ ಗುಂಡಿ ಹಾಕುವುದಕ್ಕೆ, ಚಪಾತಿ ಹರಿಯುವುದಕ್ಕೆ ನಾನು ಬೇಕಾಗಿತ್ತು. ಹಾವಿನ ವಿಷಯಕ್ಕೆ ಮಾತ್ರ ನಾನು ಬೇಕಾಗಿರಲಿಲ್ಲ. ಅದೊಂದಾದರೂ ಅವರಿಗೆ ಉಳಿಯಲಿ ಎಂದು ಸುಮ್ಮನಾದೆ.

ನಾಗರ ಪಂಚಮಿಯ ದಿನ ನಮ್ಮ ಮನೆಯ ತಮಾಷೆ ನೋಡಬೇಕು. ಊರಿನ ಹಾಗೆ ಮಣ್ಣಿನಲ್ಲಿ ಮಾಡೋಣವೆಂದರೆ ಇಲ್ಲಿನ ಹೂಕುಂಡದ ಮಣ್ಣು ಅಂಟುವುದಿಲ್ಲವಾದ್ದರಿಂದ ಗೋಧಿ ಹಿಟ್ಟಿನಲ್ಲಿ ನಾಗಪ್ಪನನ್ನು ಮಾಡಿ, ಮೆಣಸಿನ ಕಾಳಿನ ಕಣ್ಣಿಟ್ಟು ಹಾಲೆರೆಯುತ್ತೇನೆ. ನಮ್ಮ ಕಡೆ ದೇವರ ಪಾಲು, ಗುರುವಿನ ಪಾಲು ಎಂದು ಶುರುಮಾಡಿ, ಆಮೇಲೆ ಮನೆಯವರು ಒಬ್ಬೊಬ್ಬರೂ ತಮ್ಮ ಪಾಲಿನ ಹಾಲನ್ನು ತಾವೇ ಹಾಕಬೇಕು. ಊರಲ್ಲಿಲ್ಲದವರ ಪಾಲನ್ನೂ ಕೈಗೂಸುಗಳ ಪಾಲನ್ನೂ ಮನೆಯ ಹೆಂಗಸು ಅವರ ಹೆಸರು ಹೇಳಿ ಹಾಕುತ್ತಾಳೆ. ನಮ್ಮ ಮಗಳು ಲೀಡ್ಸಿನಲ್ಲಿರುವುದರಿಂದ ಅವಳದನ್ನು ನಾನು ಹಾಕುತ್ತೇನೆ. ಗಂಡ ಮಾತ್ರ ಪ್ರತಿ ವರ್ಷ ಎದ್ದು ಬಂದು, ಹಾವಿಗೆ ಹಾಲು ಜೀರ್ಣವಾಗುವುದಿಲ್ಲವೆಂದು ನನಗೊಂದು ಉಪನ್ಯಾಸ ಕೊಡುತ್ತಲೇ ತಮ್ಮ ಪಾಲು ಹಾಕಿ, ಎರಡು ಶೇಂಗಾ ಉಂಡಿ ಎತ್ತಿಕೊಂಡು ಹೋಗುತ್ತಿದ್ದರು. ಹೋದ ವರ್ಷ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಹಾಕಿದರು. ಉಪನ್ಯಾಸ ಮಾತ್ರ ಎಂದಿನಷ್ಟೇ ಉದ್ದವಿತ್ತು.

ಅದಾದ ಸ್ವಲ್ಪ ದಿನಕ್ಕೆ ಮುಚ್ಚಳಗಳ ತಾಪತ್ರಯ ಶುರುವಾಯಿತು. ಹಾವುಗಳಿದ್ದ ಪ್ಲಾಸ್ಟಿಕ್ ಡಬ್ಬಿಗಳಿಗೆ ಎರಡೂ ಕಡೆ ಒತ್ತಿ ಕೂರಿಸುವ ಕೊಂಡಿಗಳಿದ್ದವು, ಅವು ಅವರ ಬೆರಳಿಗೆ ಬಗ್ಗುತ್ತಿರಲಿಲ್ಲ. ಒಂದು ದಿನ ಸಿಟ್ಟಿಗೆದ್ದು ಮುಚ್ಚಳವನ್ನು ಗೋಡೆಗೆ ಬೀಸಿ ಒಗೆದರು. ಆಮೇಲೆ ಡಬ್ಬಿಯೊಳಗಿನ ಹಾವಿಗೆ ಸಾರಿ ಕೇಳಿದರು, ಚೂರು ಗುಡಿಸಿದ ನನಗಲ್ಲ. ಅವತ್ತೇ ಅವರಿಗೆ ರ್‍ಯಾಕ್ ಕಟ್ಟುವ ಯೋಚನೆ ಬಂದದ್ದು. ಕಪಾಟಿನ ಹಾಗೆ ಹಲಗೆಗಳನ್ನು ಜೋಡಿಸುವುದು, ಮುಚ್ಚಳವಿಲ್ಲದ ಡಬ್ಬಿಗಳನ್ನು ಡ್ರಾಗಳಂತೆ ಅದರೊಳಗೆ ತಳ್ಳುವುದು. ಪ್ರತಿ ಡಬ್ಬಿಗೂ ಅದರ ಮೇಲಿನ ಹಲಗೆಯೇ ಮುಚ್ಚಳ. ಎಳೆದರೆ ತೆರೆಯಿತು, ತಳ್ಳಿದರೆ ಮುಚ್ಚಿತು, ಬೆರಳಿನ ಹಂಗೇ ಇಲ್ಲ. ಅಂಗಡಿಯ ರ್‍ಯಾಕು ನಮ್ಮ ಮೂಲೆಗೆ ಹಿಡಿಸುತ್ತಿರಲಿಲ್ಲ, ಹಾಗಾಗಿ ನಾವೇ ಮಾಡಬೇಕಾಯಿತು. ನಾವೇ ಎಂದರೆ ನಾನೇ.

ಅಂಗಡಿಯಲ್ಲಿ ಹಲಗೆ ಕೊಯ್ಯಿಸಿ ತಂದೆವು. ಅವರು ಕುರ್ಚಿಯಲ್ಲಿ, ನಾನು ನೆಲದ ಮೇಲೆ ಮೊಣಕಾಲೂರಿ. ಜೀವಮಾನದಲ್ಲಿ ಡ್ರಿಲ್ ಹಿಡಿದವಳಲ್ಲ ನಾನು. ಮೈಭಾರವನ್ನೆಲ್ಲ ಹಾಕಿ ಒತ್ತುತ್ತಿದ್ದೆ.

"ಒತ್ತಬ್ಯಾಡ. ಅದರಷ್ಟಕ್ಕ ಅದು ಹೋಗ್ತದ. ಎಲುಬಿಗೂ ಹಂಗ," ಎಂದರು.

ಒತ್ತುವುದನ್ನು ಬಿಟ್ಟೆ, ಅದು ತಾನಾಗಿ ಹೋಯಿತು. ಕತ್ತೆತ್ತಿ ನೋಡಿದರೆ ಅವರು ನನ್ನ ಮುಖ ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದರು. ಆ ನೋಟ ನನಗೆ ಸಹಿಸಲಾಗಲಿಲ್ಲ. ಮುಂದಿನ ತೂತನ್ನು ಬೇಕೆಂದೇ ಸೊಟ್ಟಗೆ ಕೊರೆದು ಬೈಸಿಕೊಂಡೆ.

ಹಿಂದುಗಡೆ ಹಾವುಗಳಿಗೆ ಬಿಸಿ ಕೊಡುವ ವಯರು, ಆ ಬಿಸಿ ಮಿತಿ ಮೀರದಂತೆ ಒಂದು ಥರ್ಮೋಸ್ಟಾಟ್, ಡಬ್ಬಿಗಳ ಮಗ್ಗುಲಲ್ಲಿ ಗಾಳಿಯ ತೂತು, ಎಲ್ಲ ಮುಗಿಯಿತು. ತೊಡಕು ಬಂದದ್ದು ಕೊನೆಗೆ. ಡಬ್ಬಿಯ ಅಂಚಿಗೂ ಮೇಲಿನ ಹಲಗೆಗೂ ನಡುವೆ ಹಾವಿನ ತಲೆ ತೂರದಷ್ಟೇ ಸಂದಿ ಇರಬೇಕು. ಹಾಗೆ ಬಿಗಿ ಮಾಡಿದರೆ ಡಬ್ಬಿಯನ್ನು ಎಳೆಯಲು ಅವರಿಗೆ ಆಗುತ್ತಿರಲಿಲ್ಲ. ಅವರ ಕೈಗೆ ಬರುವಷ್ಟು ಸಡಿಲ ಮಾಡಿದರೆ ಹಾವಿಗೂ ಅಷ್ಟೇ ಸಲೀಸು. ಹಲಗೆಯನ್ನು ಉಜ್ಜಿದೆ, ಮೇಣದಬತ್ತಿ ತಿಕ್ಕಿದೆ, ಸ್ಕ್ರೂ ಬಿಚ್ಚಿ ಮತ್ತೆ ಹಾಕಿದೆ. ಈ ಎರಡರ ನಡುವೆ ಅವರಿಗೆಂದು ಒಂದು ಕೂದಲೆಳೆಯಷ್ಟೂ ಜಾಗವಿರಲಿಲ್ಲ. ಕೊನೆಗೆ ಬಿಗಿಯನ್ನು ಹಾಗೇ ಬಿಟ್ಟು, ನನ್ನ ಹಳೆಯ ಇಳಕಲ್ ಸೀರೆಯ ದಡಿ ಹರಿದು, ಪ್ರತಿ ಡಬ್ಬಿಗೂ ಒಂದೊಂದು ಕುಣಿಕೆ ಹೊಲಿದು ಕಟ್ಟಿದೆ. ಕುಣಿಕೆಯಲ್ಲಿ ಮಣಿಕಟ್ಟು ತೂರಿಸಿ ಎಳೆದರು. ಡಬ್ಬಿ ಬಂತು. ಮೊಣಕಾಲಿನಿಂದ ತಳ್ಳಿದರು. ಮುಚ್ಚಿತು. ಐದನ್ನೂ ಎಳೆದು ಐದನ್ನೂ ಮುಚ್ಚಿ, ಆಸ್ಪತ್ರೆಯಿಂದ ದೊಡ್ಡ ಆಪರೇಷನ್ ಮುಗಿಸಿ ಬಂದವರಂತೆ ಚಹಾ ಕೇಳಿದರು.

ಚಳಿಗಾಲವಿಡೀ ಅದು ನಡೆಯಿತು. ಹೊರಗೆ ಟ್ರಾಮಿನ ಗಂಟೆ, ಒಳಗೆ ಡಬ್ಬಿ ಸರಿಯುವ ಸದ್ದು. ನನಗೂ ಅಭ್ಯಾಸವಾಯಿತು. ಆಮೇಲೆ ಅವರ ಮೈಯೆಲ್ಲ ಬಿಗಿಯುತ್ತ ಬಂತು. ಮೊಣಕಾಲಿನಿಂದ ತಳ್ಳಿದರೂ ಡಬ್ಬಿ ಪೂರ್ತಿ ಒಳಗೆ ಹೋಗುತ್ತಿರಲಿಲ್ಲ. ಅವರು ಸ್ನಾನಕ್ಕೆ ಹೋದಾಗ ನಾನು ಹೋಗಿ ಉಳಿದಷ್ಟನ್ನು ತಳ್ಳಿ ಬರುತ್ತಿದ್ದೆ. ಸದ್ದಾಗದಂತೆ ತಳ್ಳುವುದನ್ನೂ ಕಲಿತೆ. ಡಾಕ್ಟರು ಗುಳಿಗೆಯ ಹೊತ್ತು ಬದಲಾಯಿಸಿದರು, ಪ್ರಮಾಣ ಏರಿಸಿದರು. ದೊಡ್ಡ ದೊಡ್ಡ ಡಾಕ್ಟರುಗಳೆಲ್ಲ ಇವರ ಗೆಳೆಯರೇ. ಯಾರ ಕೈಯಲ್ಲೂ ಏನೂ ಆಗುವಂತಿರಲಿಲ್ಲ. ಕೂತು ನೋಡುವುದಷ್ಟೇ ನನ್ನ ಕೆಲಸವೆಂಬುದು ಅರ್ಥವಾದಾಗ ನನಗೆ ದೇವರ ಮೇಲೂ ಸಿಟ್ಟು ಬಂತು, ಮನೆಯಲ್ಲಿದ್ದ ಐದು ಹಾವುಗಳ ಮೇಲೂ ಬಂತು.

ಏಪ್ರಿಲಿನ ಒಂದು ಮಧ್ಯಾಹ್ನ ನಾನು ತರಕಾರಿ ತಂದು ಒಳಗೆ ಬಂದರೆ ಅವರು ರ್‍ಯಾಕಿನ ಮುಂದೆ ನಿಂತಿದ್ದರು. ಕೆಳಗಿನ ಡಬ್ಬಿ ಎರಡು ಬೆರಳಷ್ಟು ತೆರೆದಿತ್ತು, ಒಳಗೆ ಹಾವಿರಲಿಲ್ಲ. ಸೋಫಾದ ಕೆಳಗೆ, ಚಪ್ಪಲಿ ಗೂಡಿನಲ್ಲಿ, ಹಾಸಿಗೆಯ ಸಂದಿಯಲ್ಲಿ ಹುಡುಕಿದೆ. ಬೆಚ್ಚಗಿರುವ ಕಡೆ ಹುಡುಕು ಎಂದರು. ಫ್ರಿಜ್ಜಿನ ಹಿಂದೆ, ಮೋಟರಿನ ಪಕ್ಕ ಸುತ್ತಿಕೊಂಡು ಮಲಗಿತ್ತು. ಅವರಿಗೆ ಬಗ್ಗಲು ಬರುತ್ತಿರಲಿಲ್ಲ. ಒಂದನ್ನೂ ಮುಟ್ಟಿರದ ನಾನೇ ನೆಲಕ್ಕೆ ಮೊಣಕಾಲೂರಿದೆ.

"ತಲಿ ಹಿಡೀಬ್ಯಾಡ. ಹೊಟ್ಟಿ ಕೆಳಗ ಕೈ ಹಾಕಿ ಎತ್ತು. ಅದು ಏನೂ ಮಾಡಂಗಿಲ್ಲ," ಎಂದರು.

ಎತ್ತಿದೆ. ಅದು ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿತು. ತಣ್ಣಗಿರುತ್ತದೆಂದುಕೊಂಡಿದ್ದೆ; ಬೆಚ್ಚಗಿತ್ತು. ಡಬ್ಬಿಯೊಳಗೆ ಇಳಿಸಿ, ತಳ್ಳಿ, ಇಷ್ಟು ವರ್ಷದ ಭಯವೆಲ್ಲ ಬೈಗುಳವಾಗಿ ಹೊರಬರಲಿ ಎಂದು ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು.

"ಇನ್ನ ಮ್ಯಾಲೆ ನೀನ ಮುಚ್ಚು."

ದಿನವೂ ಒಂದೊಂದು ಹಾವು ತಪ್ಪಿಸಿಕೊಳ್ಳಲಿ, ಹಿಡಿಯುತ್ತೇನೆ, ಆ ಮಾತು ಮಾತ್ರ ಬೇಡವಾಗಿತ್ತು. ಅಂದಿನಿಂದ ನಾನೇ ತೆರೆಯುತ್ತೇನೆ, ನಾನೇ ಮುಚ್ಚುತ್ತೇನೆ, ಇಲಿಯನ್ನೂ ನಾನೇ ಇಕ್ಕಳದಲ್ಲಿ ಹಿಡಿದು ಕೊಡುತ್ತೇನೆ. ನಾನು ಆ ಕೆಲಸದಲ್ಲಿರುವಾಗ ಅವರು ಟಿವಿಯ ಕಡೆ ತಿರುಗಿ ಕೂರುತ್ತಾರೆ. ಕುಣಿಕೆಗಳು ಈಗ ಯಾರಿಗೂ ಬೇಕಿಲ್ಲ. ಬಿಚ್ಚಿದ್ದೇನೆಯೇ ಎಂದರೆ ಅದೂ ಇಲ್ಲ.

ಈ ವರ್ಷ ಪಂಚಮಿಗೆ ಹಿಟ್ಟಿನ ನಾಗಪ್ಪನನ್ನು ಮಾಡಿಟ್ಟು ಅವರನ್ನು ಕರೆದೆ. ಹಾಲು ಜೀರ್ಣವಾಗದ ಉಪನ್ಯಾಸಕ್ಕೆ ಎದುರುತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ಅವರು ಕುರ್ಚಿಯಿಂದ ಏಳಲಿಲ್ಲ. ಬಟ್ಟಲನ್ನೂ ನಾಗಪ್ಪನ ತಟ್ಟೆಯನ್ನೂ ಅವರ ಹತ್ತಿರವೇ ಒಯ್ದೆ. ಅವರು ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡರು.

"ನಂದೂ ನೀನ ಹಾಕಿಬಿಡು," ಎಂದರು.

ದೇವರ ಪಾಲು ಹಾಕಿದೆ, ಗುರುವಿನದು ಹಾಕಿದೆ, ಮಗಳದನ್ನು ಹೆಸರು ಹೇಳಿ ಹಾಕಿದೆ. ಗಂಡನ ಹೆಸರು ಹೇಳುವ ರೂಢಿ ನನಗೆ ಮೊದಲಿನಿಂದಲೂ ಇಲ್ಲ. ಇದ್ದಿದ್ದರೂ, ಎದುರಿಗೇ ಕೂತು ನನ್ನನ್ನು ನೋಡುತ್ತಿರುವವರ ಹೆಸರನ್ನು ಊರಲ್ಲಿಲ್ಲದವರ ಹಾಗೆ ಕೂಗಲು ನನಗೆ ಬಾಯಿ ಬರುತ್ತಿರಲಿಲ್ಲ. ಇವರ ಪಾಲು ಎಂದಷ್ಟೇ ಹೇಳಿ ಬಟ್ಟಲು ಬಗ್ಗಿಸಿದೆ. ಹಾಲು ಒಂದು ಹನಿಯೂ ಆಚೀಚೆ ಚೆಲ್ಲದೆ ನಾಗಪ್ಪನ ಹೆಡೆಯ ಮೇಲೆ ಬಿತ್ತು. ಅಷ್ಟು ನೆಟ್ಟಗಿದ್ದ ನನ್ನ ಕೈಯ ಮೇಲೆ ನನಗೇ ಸಿಟ್ಟು ಬಂತು.