ಕೆಂಪಿಗೆ ಗಂಡು ನೋಡಿದ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಮದುವೆಯ ಮಾತು ಮೊದಲು ಎದ್ದದ್ದು ಅಕ್ಕನಿಗಲ್ಲ, ನಾಯಿಗೆ. ಆ ನಾಯಿಯ ಹೆಸರು ಕೆಂಪಿ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಮುಧೋಳದ ಕಡೆಯ ಓಟದ ತಳಿ. ನಾವು ಕುರಿ ಕಾಯುವವರು. ಅಪ್ಪನೂ ನಾನೂ ಹಿಂಡಿನ ಜೊತೆ ಹೊಲದಿಂದ ಹೊಲಕ್ಕೆ ತಿರುಗುತ್ತಿದ್ದೆವು. ತೋಳ ಬಂದರೆ ಕೆಂಪಿ ಅಟ್ಟುತ್ತಿದ್ದಳು. ಆದರೆ ಅವಳಿಗೆ ವಯಸ್ಸಾಗಿತ್ತು. ಹಿಂದಿನ ತಿಂಗಳು ತೋಳ ಎರಡು ಕುರಿಮರಿ ಹೊತ್ತೊಯ್ದಾಗ ಅರ್ಧ ದಾರಿಗೇ ಏದುಸಿರು ಬಿಡುತ್ತಾ ನಿಂತುಬಿಟ್ಟಿದ್ದಳು. ಈಗ ಬೆದೆಗೆ ಬಂದಿದ್ದಳು, ಅಂದರೆ ಗಂಡುನಾಯಿಯ ಜೊತೆ ಬಿಡುವ ಕಾಲ. "ಇದ ಆಕಿ ಕಡೀ ಸೂಲು" ಅಂದಿದ್ದ ಅಪ್ಪ. ಈ ಸಲ ಹುಟ್ಟುವ ಮರಿಗಳಲ್ಲೇ ನಮ್ಮ ಹಿಂಡಿನ ಮುಂದಿನ ಕಾವಲು ಸಿಗಬೇಕಿತ್ತು. ಗಂಡು ತಪ್ಪಾದರೆ ಇನ್ನೊಂದು ಅವಕಾಶವಿರಲಿಲ್ಲ.

ಆಗ ನಮ್ಮ ಕುರಿಗಳು ಗೌಡರ ಹೊಲದಲ್ಲಿದ್ದವು. ಜೋಳ ಕೊಯ್ದ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ಅವರಿಗೆ ಗೊಬ್ಬರ, ನಮಗೆ ಕಾಳು. ಅವತ್ತು ಬೆಳಿಗ್ಗೆ ಗೌಡರೇ ತಮ್ಮ ನಾಯಿ ರಾಜಾನನ್ನು ಹಿಡಿದುಕೊಂಡು ಬಂದರು. ಹಾಲಿನಂಥ ಬಿಳುಪು, ಕೊರಳಲ್ಲಿ ಹಿತ್ತಾಳೆ ಬಿಲ್ಲೆಯ ಪಟ್ಟಿ, ಎಣ್ಣೆ ತಿಕ್ಕಿದ ಮೈ ಬಿಸಿಲಿಗೆ ಫಳಫಳ. ಬುತ್ತಿ ತಂದಿದ್ದ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು: "ಗಂಡಿನ ಕಡ್ಯಾವ್ರು ಬಂದ್ರು, ಚಾಪಿ ಹಾಸ್ರಿ!"

"ಇಂಥಾ ಜಾತಿ ನಾಯಿ ಸುತ್ತ ಹತ್ತ ಹಳ್ಳ್ಯಾಗ ಇಲ್ಲ. ನಿಮ್ಮ ಕೆಂಪಿ ದೈವ ಚಲೋ ಐತಿ" ಅಂದರು ಗೌಡರು.

ನನ್ನ ಮನಸ್ಸಿನಲ್ಲಿ ಬೇರೆ ಗಂಡು ಇದ್ದ. ಹಳ್ಳದ ಆಚೆ ಕುರಿ ಮೇಯಿಸುತ್ತಿದ್ದ ಕಾಕಾನ ನಾಯಿ, ಕರಿಯ. ಒಂದು ಕಿವಿಯನ್ನು ತೋಳ ಹರಿದಿತ್ತು. ಗಂಟುಗಂಟಾದ ಕೂದಲು, ಗಿಡ್ಡ ಕಾಲು. ಓಟದಲ್ಲಿ ಕೆಂಪಿಯ ಹತ್ತಿರವೂ ಬರಲಾರ. ಆದರೆ ಹುಟ್ಟುವ ಮರಿಗಳಿಗೆ ಓಟ ಕೆಂಪಿಯಿಂದ ಬಂದೀತು. ಬುದ್ಧಿ ಕೊಡುವವನು ಬೇಕಿತ್ತು. ಇದನ್ನೆಲ್ಲ ನನಗೆ ಕಲಿಸಿದ್ದು ಅಪ್ಪನೇ. ಗಂಡುನಾಯಿ ನೋಡುವಾಗ ಪಾದದ ಅಡಿ ನೋಡು, ಎದೆ ನೋಡು, ಹಲ್ಲು ನೋಡು. ಕೊನೆಗೆ ಹಗ್ಗ ಬಿಚ್ಚಿ ಎದುರಿಗೆ ಕುರಿಮರಿ ಬಿಡು. ಬೆನ್ನಟ್ಟುವುದು ಯಾವ ನಾಯಿಗೂ ಬರುತ್ತದೆ. ಕೂಗಿದರೆ ನಡುವಲ್ಲೇ ತಿರುಗುವುದು ಮಾತ್ರ ಎಲ್ಲೋ ಒಂದಕ್ಕೆ ಬರುತ್ತದೆ.

"ಮರಿ ಬಿಡ್ಲೇನಪಾ?" ಅಂದೆ.

ಅಪ್ಪ ರಾಜಾನ ಬೆನ್ನು ಸವರುತ್ತಾ, "ಗೌಡ್ರ ನಾಯಿಗೆ ಎಂಥಾ ಪರೀಕ್ಷಾ, ಸುಮ್ಮಕಿರು" ಅಂದ.

ಗೌಡರಿಗೆ ನಗು ಬಂತು. "ಬಿಡವಾ ಬಿಡು. ನನ್ನ ರಾಜಾ ಪರೀಕ್ಷಾಕ್ಕ ಅಂಜಾವಲ್ಲ" ಅನ್ನುತ್ತಾ ತಾವೇ ಹಗ್ಗ ಬಿಚ್ಚಿದರು. ನಾನು ಕುರಿಮರಿಗಳನ್ನು ಕೂಡಿದ್ದ ಬೇಲಿಯ ಮುಳ್ಳುಕಂಟಿ ಸರಿಸಿದೆ. ಮರಿಗಳು ಬ್ಯಾ ಬ್ಯಾ ಎಂದು ತಾಯಂದಿರ ಕಡೆ ಓಡಿದವು. ಓಡುವುದು ಕಂಡದ್ದೇ ತಡ, ರಾಜಾ ಬಾಣದಂತೆ ಹೋದ. "ರಾಜಾ! ಏ ರಾಜಾ!" ಗೌಡರ ಕೂಗು ಹೊಲದ ತುಂಬ ಮೊಳಗಿತು. ಅವನು ಕಿವಿಯನ್ನೂ ಅಲುಗಿಸಲಿಲ್ಲ. ಒಂದು ಮರಿಯ ಹಿಂಗಾಲಿಗೆ ಬಾಯಿ ಹಾಕಿಯೇಬಿಟ್ಟ. ಕೆಂಪಿ ಹೋಗಿ ಭುಜದಿಂದ ಗುದ್ದಿ ಅವನನ್ನು ಕೆಡವದಿದ್ದರೆ ಮರಿ ಉಳಿಯುತ್ತಿರಲಿಲ್ಲ. ಅದನ್ನು ಎತ್ತಿಕೊಂಡೆ. ಹಾಲು ಮತ್ತು ಧೂಳಿನ ವಾಸನೆ. ಅದರ ಎದೆ ನನ್ನ ಅಂಗೈಯಲ್ಲಿ ಡಬಡಬ ಬಡಿಯುತ್ತಿತ್ತು.

"ಆಟ ಆಡ್ತಾನ, ಅಷ್ಟ" ಅಂದರು ಗೌಡರು. "ನಾಳೆ ಕೆಂಪಿನ ನಮ್ಮ ವಾಡೇ ಮನೀಗೆ ಕಳಸು."

ಅಪ್ಪ ನೆಲ ನೋಡುತ್ತಿದ್ದ. 'ಆತ್ರಿ' ಅನ್ನುವ ಮಾತು ಅವನ ತುಟಿಯವರೆಗೆ ಬಂದದ್ದು ನನಗೆ ಕಂಡಿತು.

"ಕಳಸೂದಿಲ್ರಿ" ಅಂದೆ.

"ಏನಂದಿ?" ಗೌಡರು ಕೇಳಿದರು.

"ಕಳಸೂದಿಲ್ಲ ಅಂದ್ನಿ. ಇವನ ಮರಿ ನಮ್ಮ ಕುರೀನ ತಿಂತಾವ. ಮನ್ಯಾಗ ತೋಳಾ ಸಾಕಿದಂಗ ಆಕೈತಿ. ಕೆಂಪಿಗೆ ಕರಿಯಾನ ಗಂಡು."

"ಆ ಹರಕ ಕಿವಿ ಕಂತ್ರಿ ನಾಯೇನ? ಜಾತಿ ಕೆಡಸ್ತೀಯೇನ?" ಗೌಡರು ಅಪ್ಪನ ಕಡೆ ತಿರುಗಿದರು. "ನಿನ್ನ ಮಗಳ ನಾಲಿಗಿ ಭಾಳ ಉದ್ದ ಆಗೇತಲ್ಲೋ! ಒಂಬತ್ತ ವರ್ಷದ ಹುಡುಗಿಗೆ ನಾಯಿ ಬಗ್ಗೆ ಏನ ತಿಳೀತೈತಿ?"

ನಾನು ಕಣ್ಣು ತಗ್ಗಿಸಲಿಲ್ಲ. ಅಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ.

"ಆಕಿಗೇ ತಿಳೀತೈತ್ರಿ. ದಿನಾ ಹಿಂಡಿನ ಹಿಂದ ನಡಿಯಾಕಿ ಆಕಿ."

"ಹಂಗಾರ ನನ್ನ ಹೊಲದಾಗ ನಿನ್ನ ಕುರಿ ಬ್ಯಾಡ."

"ಆತ್ರಿ."

ಮಧ್ಯಾಹ್ನದ ಹೊತ್ತಿಗೆ ಗೂಟ ಕಿತ್ತು ಹೊರಟೆವು. ತಲೆಯ ಮೇಲೆ ಗಡಿಗೆ ಹೊತ್ತ ಅಕ್ಕ ದಾರಿಯುದ್ದಕ್ಕೂ ಬೈದಳು: "ನಾಯಿ ಲಗ್ನಾ ಮಾಡಾಕ ಹೋಗಿ ನಾವು ಬೀದಿಗೆ ಬಿದ್ವಿ!" ಬೈಯುತ್ತಲೇ ನಗುತ್ತಿದ್ದಳು ಕೂಡ.

ಹಳ್ಳದಾಚೆ ಅದೇ ಮರಿಗಳನ್ನು ಕರಿಯನ ಎದುರು ಬಿಟ್ಟೆವು. ಒಂದು ಮರಿ ಹಳ್ಳದ ಕಡೆ ಓಡಿತು. ಕರಿಯ ಅದರ ಹಿಂದೆ ಚಿಮ್ಮಿದ. ಕಾಕಾ ಒಂದು ಸೀಟಿ ಹೊಡೆದ. ಕರಿಯ ಎತ್ತಿದ ಕಾಲು ಎತ್ತಿದಂತೆಯೇ ನಿಂತು, ತಿರುಗಿ ಬಂದ. ಮರಿಯೊಂದು ಬಂದು ಅವನ ಹರಿದ ಕಿವಿ ಮೂಸಿದರೆ ಆಕಳಿಸಿದ. ಅಪ್ಪ ಅವನ ಪಾದ ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿದ. ಹಳೇ ಚಪ್ಪಲಿಯ ಅಟ್ಟೆಯಂತೆ ಗಟ್ಟಿ. "ಇವನ ನಮ್ಮ ಅಳಿಯ" ಅಂದ.

ಆ ಬೇಸಿಗೆಯಲ್ಲಿ ಕಲ್ಲುಗುಡ್ಡದ ಮೇಲೆ ಹಿಂಡು ನಿಲ್ಲಿಸಿದೆವು. ಕಾಳು ಸಿಗಲಿಲ್ಲ, ರೊಟ್ಟಿ ತೆಳ್ಳಗಾಯಿತು. ಆದರೆ ಕೆಂಪಿ ಹಾಕಿದ ಮರಿಗಳಲ್ಲಿ ಎರಡಕ್ಕೆ ತಾಯಿಯ ಕಾಲು, ತಂದೆಯ ತಲೆ. ಅವೆರಡು ಇರುವವರೆಗೆ ತೋಳ ನಮ್ಮ ಹಿಂಡಿನಿಂದ ಒಂದು ಕುರಿಮರಿಯನ್ನೂ ಒಯ್ಯಲಿಲ್ಲ. ಮುಂದೆ ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನಾನು ಪಡೆದೆ. ಕಾಲೇಜಿನಲ್ಲೂ 'ಕುರಿ ಕಾಯೋರ ಹುಡುಗಿಗೆ ಏನು ತಿಳಿಯುತ್ತೆ' ಅಂದವರಿದ್ದರು. ಅವರಿಗೂ ಕಣ್ಣು ತಗ್ಗಿಸಲಿಲ್ಲ.

ಮೊಮ್ಮಕ್ಕಳೇ, ಪರದೇಶದ ಈ ನಿಮ್ಮ ಮಿಲ್ ಕ್ರೀಕ್ ಊರಿನಲ್ಲಿ ನಾಯಿಗಳು ರೇನ್‌ಕೋಟು ಹಾಕಿಕೊಂಡು ವಾಕಿಂಗ್ ಹೋಗುತ್ತವೆ. ಅಟ್ಟಲು ತೋಳವಿಲ್ಲ, ಕಾಯಲು ಕುರಿಯಿಲ್ಲ. ಇಲ್ಲಿ ನಾಯಿಗೆ ಇರುವ ಕೆಲಸ ಒಂದೇ, ಅದು ನೀವು. ಮೊನ್ನೆ ನಾಯಿ ತರುವ ಮಾತು ಬಂದಾಗ ನಿಮ್ಮಪ್ಪ ಫೋನಿನಲ್ಲಿ ಒಂದು ಮರಿಯ ಫೋಟೋ ತೋರಿಸಿದ; ಅದರ ಅಜ್ಜ ಮುತ್ತಜ್ಜನ ಹೆಸರಿನ ಸರ್ಟಿಫಿಕೇಟೂ ಇತ್ತು. ನೀವಿಬ್ಬರೂ ಮುಖ ಸಣ್ಣದು ಮಾಡಿಕೊಂಡು "ಓಕೆ" ಅಂದಿರಿ. ಅದು ನನಗೆ ಸೇರಲಿಲ್ಲ. ಪ್ರತಿ ಶನಿವಾರ ಅನಾಥ ನಾಯಿಗಳ ಶೆಲ್ಟರಿಗೆ ಹೋಗಿ ಆ ಕಂದು ನಾಯಿಯನ್ನು ಓಡಾಡಿಸುವವರು ನೀವು. ಅದು ಕರೆದರೆ ತಿರುಗುತ್ತದೋ ಇಲ್ಲವೋ ನಿಮಗೆ ಗೊತ್ತು, ನಿಮ್ಮಪ್ಪನಿಗೆ ಗೊತ್ತಿಲ್ಲ. ಆ ನಾಯಿಯೇ ಬೇಕೆಂದು ಅವನಿಗೆ ಹೇಳಿ. ಇಂಗ್ಲಿಷಿನಲ್ಲೇ ಹೇಳಿ. ನಮಗಾದರೆ ಹೊಲ ಹೋಯಿತು, ನಿಮಗೇನು ಹೋಗುತ್ತದೆ? ಹೆಚ್ಚೆಂದರೆ ಒಂದು ವಾರ ಐಪ್ಯಾಡ್ ಹೋದೀತು. ಹೋಗಲಿ ಬಿಡಿ.