ತೆಂಗಿನೆಣ್ಣೆ ಕುಡಿದ ಬೈಕು

ಕೊರೊನಾ ಲಾಕ್‌ಡೌನ್ ಮುಗಿದ ಮರುವರ್ಷದ ಮಾತು. ಮಕ್ಕಳೇ, ಆಗ ನಾನು ಜಾಲ್ಸೂರು ಪೇಟೆಯಲ್ಲಿ ನನ್ನ ಅಪ್ಪ, ಎಂದರೆ ನಿಮ್ಮ ಅಜ್ಜ, ಬಿಟ್ಟುಹೋದ ಬೈಕ್ ರಿಪೇರಿ ಅಂಗಡಿ ನಡೆಸುತ್ತಿದ್ದೆ. ನಡೆಸುತ್ತಿದ್ದೆ ಎಂದರೆ ಪಂಕ್ಚರ್ ಹಾಕುವುದು, ಆಯಿಲ್ ಬದಲಿಸುವುದು, ಬ್ರೇಕ್ ಬಿಗಿ ಮಾಡುವುದು, ಅಷ್ಟೇ. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಕಲಿತವಳು ನಾನು. ಇಂಜಿನ್ ಬಿಚ್ಚಿ ಜೋಡಿಸುವುದನ್ನು ಅಜ್ಜನ ಪಕ್ಕದಲ್ಲಿ ಕೂತೇ ಕಲಿತಿದ್ದೆ. ಆದರೆ ಅವರು ತೀರಿಕೊಂಡ ಮೇಲೆ ಇಂಜಿನ್ ಕೆಲಸ ಬಂದರೆ "ಸುಳ್ಯಕ್ಕೆ ಕೊಂಡು ಹೋಗಿ" ಎಂದುಬಿಡುತ್ತಿದ್ದೆ. ಗಂಡಸರ ಎದುರು ನಿಂತು "ನನ್ನಿಂದ ಆಗುತ್ತದೆ" ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಮನೆಗೆ ನೆಂಟರು ಬಂದರೆ ನಾನು ಅಡುಗೆಮನೆಗೆ ಸರಿಯುವುದನ್ನು ನೀವೇ ನೋಡಿದ್ದೀರಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಶನಿವಾರ ಮಧ್ಯಾಹ್ನ ಪಿಕಪ್ಪಿನಲ್ಲಿ ಒಂದು ಹಳೆಯ ಬೈಕು ಬಂತು. ಜೊತೆಗೆ ಹಮೀದ್ ಮತ್ತು ಅವರ ಹೆಂಡತಿ ನೆಬೀಸ. ಹಮೀದ್ ಗಲ್ಫಿನಲ್ಲಿ ಡ್ರೈವರ್ ಆಗಿದ್ದವರು, ಕೊರೊನಾದಲ್ಲಿ ಕೆಲಸ ಹೋಗಿ ಊರಿಗೆ ಬಂದಿದ್ದರು. ಬೈಕು ಅವರು ಗಲ್ಫಿಗೆ ಹೊರಟಾಗಿನಿಂದ ಮನೆಯ ಹಿಂದಿನ ಜಗಲಿಯಲ್ಲಿ ನಿಂತೇ ಇತ್ತು. ಆಲೆಟ್ಟಿ ಕಡೆಗೆ ಬೈಕಿನಲ್ಲಿ ಮೀನು ಮಾರುತ್ತಿದ್ದ ಹಿರಿಯರೊಬ್ಬರು ಮಂಡಿನೋವಿನಿಂದ ಕೆಲಸ ಬಿಡುವವರಿದ್ದರು. ಸೋಮವಾರ ಬೆಳಿಗ್ಗೆ ಗಾಡಿ ಸಮೇತ ಬಂದರೆ ಆ ದಾರಿಯ ಮನೆಗಳ ವ್ಯಾಪಾರವೆಲ್ಲ ಹಮೀದರಿಗೆ. ಬರದಿದ್ದರೆ ಇನ್ನೊಬ್ಬ ಕಾದು ನಿಂತಿದ್ದ. ಬೇರೆ ಬೈಕು ಕೊಳ್ಳುವ ಸ್ಥಿತಿ ಅವರದಾಗಿರಲಿಲ್ಲ.

"ಗ್ಯಾರೇಜಿನವರು ಇಂಜಿನ್ ಜಾಮ್ ಅಂತಾರೆ ಕುಸುಮಕ್ಕ. ಒಳಗೆ ತುಕ್ಕು ಹಿಡಿದಿದೆ, ಸಿಲಿಂಡರ್ ಕೊರೆಸಿ ಬೋರ್ ಮಾಡಿಸ್ಬೇಕು, ಇಲ್ಲದಿದ್ರೆ ಗುಜರಿಗೆ ಕೊಡಿ ಅಂತ," ಎಂದರು ಹಮೀದ್. "ನೀವು ಒಮ್ಮೆ ನೋಡ್ತೀರಾ?"

"ಸುಳ್ಯಕ್ಕೆ" ಎನ್ನಲು ಬಾಯಿ ತೆರೆದೆ. ಆದರೆ ಅವರು ಬಂದದ್ದೇ ಸುಳ್ಯದ ಗ್ಯಾರೇಜಿನಿಂದ.

ಕಿಕ್ಕರ್ ಒತ್ತಿದೆ, ಕಲ್ಲಿನ ಹಾಗೆ ನಿಂತಿತ್ತು. ಸಿಲಿಂಡರ್ ಎಂಬ ಕೊಳವೆಯೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡಬೇಕು. ಅದರ ಸುತ್ತ ಬಳೆಯ ಹಾಗೆ ರಿಂಗುಗಳಿರುತ್ತವೆ. ಅವು ತುಕ್ಕು ಹಿಡಿದು ಗೋಡೆಗೆ ಕಚ್ಚಿಕೊಂಡರೆ ಇಂಜಿನ್ ತಿರುಗುವುದಿಲ್ಲ. ಗ್ಯಾರೇಜಿನವರು ಹೇಳಿದ್ದು ತಪ್ಪಲ್ಲ, ನಿಂತ ಬೈಕುಗಳಲ್ಲಿ ಹೆಚ್ಚಾಗಿ ಆಗುವುದು ಅದೇ. ಆದರೂ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಮೂಗಿಗೆ ಬಂದದ್ದು ತುಕ್ಕಿನ ವಾಸನೆಯಲ್ಲ, ಹಳೆಯ ಎಣ್ಣೆಯ ಕಮಟು. ಪ್ಲಗ್ಗಿನ ತುದಿಯಲ್ಲಿ ಹಲಸಿನ ಮೇಣದಂತಹ ಹಳದಿ ಅಂಟು.

"ಇದರೊಳಗೆ ಎಂತ ಹಾಕಿದ್ದೀರಿ?" ಎಂದು ಕೇಳಿದೆ.

ನೆಬೀಸ ಸೆರಗು ಸರಿಮಾಡಿಕೊಂಡಳು. "ಮಳೆಗಾಲದ ಮೊದಲು ಪ್ಲಗ್ ತೆಗೆದು ಸ್ವಲ್ಪ ಇಂಜಿನ್ ಆಯಿಲ್ ಬಿಡ್ಲಿಕ್ಕೆ ಇವರು ಹೇಳಿದ್ರು ಅಕ್ಕ. ಡಬ್ಬದಲ್ಲಿದ್ದ ಆಯಿಲ್ ಮುಗೀತು. ಆಮೇಲೆ ಪ್ರತಿ ವರ್ಷ ಗಾಣದ ತೆಂಗಿನೆಣ್ಣೆ ಬಿಟ್ಟೆ."

"ಯಾ ಅಲ್ಲಾ!" ಹಮೀದ್ ತಲೆ ಹಿಡಿದುಕೊಂಡರು. "ಬೈಕಿಗೆ ತೆಂಗಿನೆಣ್ಣೆಯಾ! ಮಲ್ಲಿಗೆ ಮುಡಿಸ್ಲಿಲ್ವಾ ಮಾರಾಯ್ತಿ?"

"ಕತ್ತಿಗೆ ಹಚ್ಚುದಿಲ್ವಾ? ಬಾಗಿಲಿನ ತಿರುಗಣಿಗೆ ಹಚ್ಚುದಿಲ್ವಾ? ನನ್ನ ಹೊಲಿಗೆ ಮಿಶನ್ ಅದರಲ್ಲೇ ಓಡುದು," ಎಂದಳು ನೆಬೀಸ. "ನೀವು ಫೋನಿನಲ್ಲಿ ಒಮ್ಮೆಯಾದ್ರೂ ಬೈಕ್ ಹೇಗುಂಟು ಅಂತ ಕೇಳಿದ್ರಾ?"

ಮಳೆಗಾಲಕ್ಕೆ ಮುಂಚೆ ಮನೆಯ ಕಬ್ಬಿಣಕ್ಕೆಲ್ಲ ತೆಂಗಿನೆಣ್ಣೆ ಸವರುವುದು ನಮ್ಮ ಕಡೆಯ ಪ್ರತಿ ಮನೆಯ ರೂಢಿ. ಆದರೆ ಆ ಎಣ್ಣೆ ವರ್ಷಗಟ್ಟಲೆ ಮುಚ್ಚಿದ ಕಡೆ ಉಳಿದರೆ ಅಂಟಾಗಿ ಗಟ್ಟಿಯಾಗುತ್ತದೆ. ಟಾರ್ಚ್ ಹಿಡಿದು ಪ್ಲಗ್ಗಿನ ತೂತಿನೊಳಗೆ ನೋಡಿದೆ. ಕಂಡಷ್ಟು ಗೋಡೆಯಲ್ಲಿ ಕೆಂಪು ಕಲೆ ಒಂದೂ ಇರಲಿಲ್ಲ, ಹಳದಿ ಪೊರೆಯ ಕೆಳಗೆ ಲೋಹ ಹೊಳೆಯುತ್ತಿತ್ತು.

"ಅವಳಿಗೆ ಬೈಬೇಡಿ," ಎಂದೆ. "ಪಿಸ್ಟನ್ ಅಂಟಿದ್ದು ಈ ಎಣ್ಣೆಯಿಂದ. ತುಕ್ಕು ಹಿಡಿಯದೆ ಉಳಿದದ್ದೂ ಈ ಎಣ್ಣೆಯಿಂದಲೇ. ಬೈಕ್ ಇಲ್ಲಿ ಬಿಟ್ಟು ಹೋಗಿ."

ಇನ್ನು ಸುಳ್ಯಕ್ಕೆ ಕಳಿಸುವಂತಿರಲಿಲ್ಲ. ಹೇಳಿ ಆಗಿತ್ತು.

ಪ್ಲಗ್ಗಿನ ತೂತಿನಿಂದ ಡೀಸೆಲ್ ಹನಿಸಿದೆ. ಅಂಟು ಕರಗಲು ಡೀಸೆಲ್ ಒಂದೇ ಸಾಲದು, ಶಾಖವೂ ಬೇಕು. ಇಂಧನ ಇರುವಲ್ಲಿ ಬೆಂಕಿ ತರುವಂತಿಲ್ಲ. ಅದಕ್ಕೆ ಅಂಗಡಿಯ ಹಿಂದೆ, ದೂರದಲ್ಲಿ ಒಲೆ ಹಚ್ಚಿ ನೀರು ಕುದಿಸಿ, ಬಾಣಂತಿಗೆ ಶಾಖ ಕೊಡುವ ಹಾಗೆ ಬಿಸಿನೀರಿನ ಬಟ್ಟೆಯನ್ನು ಸಿಲಿಂಡರಿಗೆ ಸುತ್ತಿದೆ. ಆರಿದ ಬಟ್ಟೆ ಬಿಚ್ಚಿ ಮತ್ತೆ ಬಿಸಿಯದು ಸುತ್ತುವುದು, ಸಂಜೆಯವರೆಗೂ ಅದೇ ಕೆಲಸ. ನೆಬೀಸ ಮನೆಗೆ ಹೋಗದೆ ನೀರು ಹೊತ್ತಳು. "ನನ್ನ ಎರಡು ಬಾಣಂತನದಲ್ಲೂ ಇಷ್ಟು ಉಪಚಾರ ಆಗ್ಲಿಲ್ಲ ಅಕ್ಕ," ಎಂದು ನಕ್ಕಳು.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದರು. ಅವರೆದುರೇ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದೆ. ಗೇರಿನಲ್ಲಿದ್ದರೆ ಚಕ್ರದ ಜೊತೆ ಪಿಸ್ಟನ್ನೂ ಅಲುಗಬೇಕು. ಕೈಗೆ ಕೂದಲೆಳೆಯಷ್ಟು ಸಡಿಲ ತಿಳಿಯಿತು. ಅಷ್ಟು ನೋಡಿದ್ದೇ ಹಮೀದ್ ಗಾಡಿಯನ್ನು ನ್ಯೂಟ್ರಲ್‌ಗೆ ತಂದು ಕಿಕ್ಕರಿನ ಮೇಲೆ ಏರಿ ನಿಂತರು. "ಒಂದು ಒದ್ದರೆ ಬಿಡ್ತದೆ ನೋಡಿ!"

ಅಂಟಿದ ಪಿಸ್ಟನ್ನನ್ನು ಒದ್ದು ಬಿಡಿಸಿದರೆ ರಿಂಗ್ ತುಂಡಾಗುತ್ತದೆ. ತುಂಡಾದರೆ ಸೋಮವಾರವೂ ಇಲ್ಲ, ಬೈಕೂ ಇಲ್ಲ.

"ಕಾಲು ತೆಗೀರಿ," ಎಂದೆ.

ಆ ಧ್ವನಿ ಎಲ್ಲಿಂದ ಬಂತೋ ಕಾಣೆ. ಎದುರಿನ ಬಸ್ ಸ್ಟ್ಯಾಂಡಿನವರೂ ತಿರುಗಿ ನೋಡಿದರು. ಹಮೀದ್ ಇಳಿದು ದೂರ ನಿಂತರು. ನಾನು ಮತ್ತೆ ಗೇರು ಹಾಕಿ, ಬಟ್ಟೆ ಸುತ್ತಿ, ಡೀಸೆಲ್ ಬಿಟ್ಟು, ಚಕ್ರ ಆಡಿಸುತ್ತ ಕೂತೆ. ಮಧ್ಯಾಹ್ನದ ಹೊತ್ತಿಗೆ ಗಂಜಿಯಲ್ಲಿ ಉಪ್ಪು ಕರಗಿದಷ್ಟು ಸದ್ದಿಲ್ಲದೆ ಪಿಸ್ಟನ್ ಜಾರಿತು. ಚಕ್ರ ಪೂರ್ತಿ ಸುತ್ತಿತು.

ಉಳಿದದ್ದು ಗೊತ್ತಿದ್ದ ಕೆಲಸ. ಟ್ಯಾಂಕಿನಲ್ಲಿ ಕೊಳೆತಿದ್ದ ಪೆಟ್ರೋಲ್ ಚೆಲ್ಲಿ ತೊಳೆದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ, ಅದರ ಸಣ್ಣ ತೂತುಗಳನ್ನು ಊದಿ ಸ್ವಚ್ಛ ಮಾಡಿದೆ. ಡೀಸೆಲ್ ಕೆಳಗಿಳಿದು ಕೆಟ್ಟಿದ್ದ ಇಂಜಿನ್ ಆಯಿಲನ್ನು ಚೆಲ್ಲಿ ಹೊಸದು ತುಂಬಿದೆ. ಪ್ಲಗ್, ಟ್ಯೂಬು, ಬ್ರೇಕ್ ಶೂ ಹೊಸತು. ಕಿಕ್ ಮಾಡಿದರೆ ಹತ್ತಿತು, ಕೂಡಲೇ ಸತ್ತಿತು. ಮತ್ತೆ ಹತ್ತಿತು, ಸತ್ತಿತು. ನೆಬೀಸಳ ಮುಖ ಸಣ್ಣದಾಯಿತು. ಸೈಲೆನ್ಸರಿನ ಬಾಯಿಗೆ ಕೈ ಹಿಡಿದೆ, ಹೊಗೆ ಸರಿಯಾಗಿ ಬರುತ್ತಿರಲಿಲ್ಲ. ತಂತಿ ತೂರಿಸಿ ಎಳೆದರೆ ಮಣ್ಣಿನ ಹೆಂಟೆಗಳು ಉದುರಿದವು. ಕಣಜ ಒಳಗೆ ಗೂಡು ಕಟ್ಟಿತ್ತು.

ಈ ಸಲ ಹತ್ತಿದ್ದು ನಿಲ್ಲಲಿಲ್ಲ. ಒಳಗುಳಿದಿದ್ದ ತೆಂಗಿನೆಣ್ಣೆ ಉರಿದು, ಕರಿದ ತಿಂಡಿಯ ವಾಸನೆಯ ಬಿಳಿ ಹೊಗೆ ರಸ್ತೆ ತುಂಬಿತು. ಕಾಸರಗೋಡು ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಕೂಗಿದರು: "ಎಂತ ಕುಸುಮಕ್ಕ, ಬಾಳೆಕಾಯಿ ಚಿಪ್ಸ್ ಕರಿಲಿಕ್ಕೆ ಶುರು ಮಾಡಿದ್ರಾ?"

ಸೋಮವಾರ ನಾನು ಅಂಗಡಿಯ ಬಾಗಿಲು ತೆರೆಯುವಾಗ ಪೊಂಯ್ ಪೊಂಯ್ ಎಂದು ಮೀನಿನವರ ಹಾರ್ನ್ ಕೇಳಿತು. ಹಿಂದೆ ಬಾಕ್ಸು ಕಟ್ಟಿಕೊಂಡು ಹಮೀದ್ ಆಲೆಟ್ಟಿ ರಸ್ತೆಗೆ ತಿರುಗುತ್ತಿದ್ದರು. ನಿಲ್ಲಲಿಲ್ಲ, ನಿಲ್ಲಲು ಅವರಿಗೆ ಪುರುಸೊತ್ತೂ ಇರಲಿಲ್ಲ. ಕೈ ಎತ್ತಿದರು, ಅಷ್ಟೇ.

ಒಳಗೆ ನೋಡದೆ ಯಾವ ಇಂಜಿನನ್ನೂ ಸತ್ತಿತು ಎನ್ನಬಾರದು, ಮಕ್ಕಳೇ. ಕೆಲಸ ನನಗೆ ಕಲಿಸಿದ್ದು ಅದು. ಅದೇ ದಿನ ಹತ್ತು ಗಂಟೆಗೆ ಅಪರಿಚಿತರೊಬ್ಬರು ಒಂದು ಬೈಕನ್ನು ತಳ್ಳಿಕೊಂಡು ಬಂದು, "ಇಂಜಿನ್ ಕೆಲಸ ಇಲ್ಲಿ ಮಾಡುವವರು ಯಾರಾದ್ರೂ ಇದ್ದಾರಾ?" ಎಂದು ನನ್ನ ಹಿಂದೆ ಇಣುಕಿದರು.

"ಇದ್ದೇನೆ," ಎಂದೆ. "ಸ್ಟ್ಯಾಂಡ್ ಹಾಕಿ."