ಒಡೆದ ಪೆಟ್ಟಿಗೆಯ ದನಿ

ನಮ್ಮ ಸಿಂಚನ ಗೆದ್ದಳು! ನನ್ನ ಮೊಮ್ಮಗಳನ್ನು ವಾದ್ಯತಂಡದವರು ಗಿಟಾರ್ ನುಡಿಸಲು ಆರಿಸಿಕೊಂಡಿದ್ದಾರೆ. ಮಧ್ಯಾಹ್ನ ಫೋನ್ ಬಂತು. ಸರಸ್ವತಿ ನಗರದ ನಮ್ಮ ಬೀದಿಯಲ್ಲಿ ನಾನು ಸಕ್ಕರೆ ಕೊಡದ ಮನೆ ಉಳಿದಿಲ್ಲ. ನಾಲ್ಕನೇ ತರಗತಿ ಓದಿದವಳು ಪೆನ್ನು ಹಿಡಿದು ಕೂತಿದ್ದೇನೆ ಎಂದರೆ ನನ್ನ ಹಿಗ್ಗು ಎಷ್ಟೆಂದು ನೀವೇ ತಿಳಿಯಿರಿ.

ಆದರೆ ಈ ಹಿಗ್ಗಿನೊಳಗೆ ಒಂದು ಅನುಮಾನ ಕೂತಿದೆ. ದೆವ್ವ, ಗಾಳಿ ಎಂದವರನ್ನು ಬೈದು ಕಳಿಸಿದವಳು ನಾನು. ಅದಕ್ಕೇ ಕಳೆದ ತಿಂಗಳು ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಆ ತಂಡದವರು ಎರಡು ಸಲ ಅವಳನ್ನು ಬೇಡ ಎಂದಿದ್ದರು. ಮೂರನೇ ಸಲವೂ ಆಗದಿದ್ದರೆ ಗಿಟಾರ್ ಮಾರಿ ಬಿ.ಎಡ್. ಸೇರುವುದಾಗಿ ಅಪ್ಪನಿಗೆ, ಅಂದರೆ ನನ್ನ ಮಗ ವೀರೇಶನಿಗೆ, ಮಾತು ಕೊಟ್ಟಿದ್ದಳು. ಆ ಮೂರನೇ ಸಲದ ಕಡೆಯ ದಿನ ಸಂಜೆ ಐದರೊಳಗೆ ನುಡಿಸಿ, ರೆಕಾರ್ಡ್ ಮಾಡಿ ಕಳಿಸಬೇಕಿತ್ತು.

ಅವಳ ಹತ್ತಿರ ಗಿಟಾರಿನ ದನಿ ಬದಲಿಸುವ, ಕಾಲಲ್ಲಿ ಒತ್ತುವ ಒಂದು ಪ್ರೊಸೆಸರ್ ಇದೆ. ಅದರೊಳಗೆ ಇಂಪಲ್ಸ್ ರೆಸ್ಪಾನ್ಸ್ ಎಂಬುದನ್ನು ತುಂಬುತ್ತಾಳೆ. ಏನೇ ಅದು ಎಂದು ಕೇಳಿದ್ದೆ.

"ಅಚ್ಚು ಕಣಜ್ಜಿ. ಯಾರೋ ಒಂದು ಸ್ಪೀಕರ್ ಪೆಟ್ಟಿಗೆ ಮುಂದೆ ಮೈಕ್ ಇಟ್ಟು ಅದರ ದನೀದು ಅಚ್ಚು ತೆಗೀತಾರೆ. ಅದನ್ನ ಇದಕ್ಕೆ ಹಾಕಿದ್ರೆ, ಪೆಟ್ಟಿಗೆ ಇಲ್ದಿದ್ರೂ ಆ ಪೆಟ್ಟಿಗೆ ದನೀನೇ ಬರ್ತೈತೆ."

ಅಂದು ಅವಳು ಹಾಕಿದ್ದು ಯಾರೋ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಇಟ್ಟಿದ್ದ ಅಚ್ಚು. ಹೆಸರಿಲ್ಲ, ಬರೀ ಒಂದು ನಂಬರು. ಹೆಡ್‌ಫೋನನ್ನು ನನ್ನ ಕಿವಿಗಿಟ್ಟು ನುಡಿಸಿದಳು. ಒಂದು ತಗ್ಗು ಸ್ವರಕ್ಕೆ ಜರ್ರ್ ಎಂದಿತು.

ತೀರಿಹೋದ ನನ್ನ ಯಜಮಾನರು ಹರಿಹರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಅವರ ದೊಡ್ಡ ಪೆಟ್ಟಿಗೆಯ ಸ್ಪೀಕರಿನ ಕಾಗದ ಹರಿದಾಗ, ನಾನು ಮೈದಾ ಗಂಜಿ ಕಾಸಿ ಮದುವೆ ಕಾರ್ಡಿನ ಚೂರು ಅಂಟಿಸಿದ್ದೆ. ಗಂಜಿ ದಪ್ಪವಾಯಿತು. ಆಮೇಲೆ ಒಂದು ತಗ್ಗು ಸ್ವರ ಬಂದಾಗಲೆಲ್ಲ ಜರ್ರ್ ಎನ್ನುತ್ತಿತ್ತು. "ಇದೂ ನನ್ನ ಹೆಂಡ್ತಿ ಹಂಗೇ, ಬಾಯಿ ಮುಚ್ಚಂಗಿಲ್ಲ" ಎಂದು ಗಿರಾಕಿಗಳ ಮುಂದೆ ಕಿಚಾಯಿಸುತ್ತಿದ್ದರು. ಅದೇ ಜರ್ರ್. ಅದೇ ಸ್ವರಕ್ಕೆ.

"ಎಲ್ಲೇ ಸಿಕ್ತು ನಿಮ್ಮಜ್ಜನ ಪೆಟ್ಟಿಗೆ? ಖರೇ ಹೇಳು."

"ನಾನು ಹುಟ್ಟೋಕೆ ಮುಂಚೇನೇ ಅದು ಇಲ್ಲ ಅಂತ ನೀನೇ ಹೇಳೀಯಲ್ಲಜ್ಜಿ?" ಎಂದು, ತಾನೂ ಕೇಳಿ ಹುಬ್ಬು ಗಂಟಿಕ್ಕಿದಳು. "ಇಂಥಾ ಹರಕು ಸದ್ದು ಅಚ್ಚಲ್ಲಿ ಬರಂಗೇ ಇಲ್ಲ. ದನಿಯ ಬಣ್ಣ ಅಷ್ಟೇ ಬರ್ತೈತೆ."

ವೈರು ಬದಲಿಸಿದಳು, ತಂತಿ ಬದಲಿಸಿದಳು. ಬೇರೆ ಅಚ್ಚು ಹಾಕಿದರೆ ಆ ಹರಕು ಸದ್ದಿಲ್ಲ, ಇದನ್ನು ಹಾಕಿದರೆ ಮತ್ತೆ ಜರ್ರ್. ನಾಲ್ಕೂವರೆ ಆಯಿತು.

"ತೆಗೆದುಬಿಡ್ತೀನಿ. ಇದನ್ನ ಕೇಳಿದ್ರೆ ಈ ಸಲಾನೂ ಬ್ಯಾಡ ಅಂತಾರೆ."

"ಇರ್ಲಿ ಬಿಡೇ, ತೆಗೀಬ್ಯಾಡ" ಎಂದೆ. ಹಾಗೆ ಯಾಕೆ ಅಂದೆನೋ ನನಗೆ ಗೊತ್ತಿಲ್ಲ. ಅವಳು ನನ್ನನ್ನೊಮ್ಮೆ ನೋಡಿ, ಅದರಲ್ಲೇ ನುಡಿಸಿ ಕಳಿಸಿದಳು.

ಅವತ್ತಿನಿಂದ ನನ್ನ ಗುಮಾನಿ ಮಗನ ಮೇಲೆ. ಗುಟ್ಟಾಗಿ ಪೆಟ್ಟಿಗೆಯನ್ನು ಯಾರಿಗಾದರೂ ಮಾರಿದ್ದನೇ? ಎರಡು ಸಲ ಕೆದಕಿದೆ. "ಅವ್ವಾ, ಅಪ್ಪ ಹೋದ ಮೇಲೆ ಆ ಪೆಟ್ಟಿಗೇನ ಕೊಡಲೀಲಿ ಒಡೆದವನು ನಾನು. ನೀರೊಲೆಗೆ ಹಾಕಿದವಳು ನೀನು. ಈಗ ನನ್ನ ಕೇಳ್ತೀಯಲ್ಲ!" ಎಂದ. ನಿಜ. ಆ ಕಾರ್ಡಿನ ಚೂರು ಉರಿದದ್ದನ್ನೂ ನಾನು ನೋಡಿದ್ದೇನೆ. ಇವತ್ತು ಫೋನ್ ಮಾಡಿದವರು, ಆ ಒರಟು ದನಿ ಎಲ್ಲಿಂದ ತಂದಿರಿ, ಅದಕ್ಕೇ ನಿಮ್ಮನ್ನು ಆರಿಸಿದೆವು ಎಂದರಂತೆ. ಗೊತ್ತಿಲ್ಲ ಸರ್ ಎಂದಳಂತೆ ನಮ್ಮ ಹುಡುಗಿ.

ಸಂಜೆ ಹೋಳಿಗೆ ಮಾಡಿದೆವು. ಎಲ್ಲರೂ ಸಾಲಾಗಿ ಉಣ್ಣಲು ಕೂತಾಗ ಸಿಂಚನ ತಾನು ಅಂದು ನುಡಿಸಿ ಕಳಿಸಿದ್ದನ್ನು ಫೋನಿನಲ್ಲಿ ಹಾಕಿದಳು. ವೀರೇಶ ಅದನ್ನು ಕೇಳಿದ್ದು ಅದೇ ಮೊದಲು. ಆ ಸ್ವರ ಬಂತು. ಅವನ ಕೈಯ ತುತ್ತು ಬಾಯಿಯ ಹತ್ತಿರ ನಿಂತಿತು. ನನ್ನ ಮುಖ ನೋಡಿದ.

"ಇನ್ನೊಂದ್ಸಲ ಹಾಕವ್ವ" ಎಂದ ಮಗಳಿಗೆ.

ಅವಳು ಹಾಕಿದಳು. ನಾನು ಎಲ್ಲರ ಎಲೆಗೂ ಇನ್ನೊಂದೊಂದು ಹೋಳಿಗೆ ಬಡಿಸಿದೆ.